ಯೂದನ ಮುಖವನ್ನು ಹುಡುಕಿದ ಕೋಲಾರದ ಕಾದಂಬರಿಕಾರ

ನಮ್ಮ ಕಥೋಲಿಕ ಕುಟುಂಬಗಳಲ್ಲಿ ಪ್ರಭುವಿನ ಕಡೆಯ ಭೋಜನದ ಚಿತ್ರ ಇಲ್ಲದ ಮನೆ ಅಪರೂಪ. ಕೆಲವು ಮನೆಗಳಲ್ಲಿ ಅದು ಮದುವೆಗೆ ಬಂದ ಉಡುಗೊರೆ. ಕೆಲವು ಮನೆಗಳಲ್ಲಿ ವೇಳಾಂಕಣ್ಣಿ ಯಾತ್ರೆಯಿಂದ ಹಿಂದಿರುಗುವಾಗ ಕೊಂಡು ತಂದದ್ದು. ಇನ್ನು ಕೆಲವು ಕಡೆ ಹಳೆಯ ಕ್ಯಾಲೆಂಡರಿನ ಹಾಳೆಗೇ ಕಟ್ಟು ಹಾಕಿಸಿ ಊಟದ ಮೇಜಿನ ಮೇಲ್ಗಡೆ ತೂಗುಹಾಕಿರುತ್ತಾರೆ. ಆ ಚಿತ್ರದ ಜೊತೆಗೇ ಒಂದು ಕಥೆಯೂ ನಮ್ಮ ಮನೆಗಳಿಗೆ ಬಂದಿದೆ. ತಪಸ್ಸುಕಾಲದ ಧ್ಯಾನಕೂಟಗಳಲ್ಲಿ, ಪವಿತ್ರ ಗುರುವಾರದ ಪ್ರಬೋಧನೆಗಳಲ್ಲಿ, ಧರ್ಮೋಪದೇಶದ ತರಗತಿಗಳಲ್ಲಿ ನಾವೆಲ್ಲರೂ ಅದನ್ನು ಕೇಳಿದ್ದೇವೆ.

ಕಥೆ ಹೀಗಿದೆ. ಇಟಲಿಯ ಒಬ್ಬ ಮಹಾನ್ ಚಿತ್ರಕಾರ ಯೇಸುಸ್ವಾಮಿಯ ಚಿತ್ರ ಬರೆಯಲು ನಿರ್ಮಲವಾದ ಒಂದು ಮುಖವನ್ನು ಹುಡುಕುತ್ತಾನೆ. ಬಹಳ ಅಲೆದ ಮೇಲೆ ಒಬ್ಬ ಮುಗ್ಧ ಹುಡುಗ ಸಿಗುತ್ತಾನೆ. ಅವನನ್ನು ಎದುರಿಗೆ ಕೂರಿಸಿಕೊಂಡು ಚಿತ್ರ ಮುಗಿಸುತ್ತಾನೆ. ಎಷ್ಟೋ ವರ್ಷಗಳು ಕಳೆಯುತ್ತವೆ. ಈಗ ಗುರುದ್ರೋಹಿ ಯೂದನ ಮುಖ ಬೇಕು. ಸೆರೆಮನೆ, ಹೆಂಡದಂಗಡಿಗಳನ್ನೆಲ್ಲ ಸುತ್ತಿ ಕಡೆಗೆ ಒಬ್ಬ ಕ್ರೂರಿಯನ್ನು ಹಿಡಿದು ತರುತ್ತಾನೆ. ಕುಂಚ ಎತ್ತಿದಾಗ ಆ ಮನುಷ್ಯ ಗೋಳೋ ಎಂದು ಅಳುತ್ತಾನೆ. ಏಕೆಂದು ಕೇಳಿದರೆ, ಹಿಂದೆ ಯೇಸುವಿನ ಚಿತ್ರಕ್ಕಾಗಿ ಇದೇ ಚಿತ್ರಕಾರನ ಮುಂದೆ ಕುಳಿತಿದ್ದ ಹುಡುಗ ತಾನೇ ಎನ್ನುತ್ತಾನೆ.

ಈ ಕಥೆಗೂ ನಮ್ಮ ಕೋಲಾರ ಜಿಲ್ಲೆಗೂ ಒಂದು ನಂಟಿದೆ. ಅದನ್ನು ಬಲ್ಲವರು ನಮ್ಮಲ್ಲಿ ಹೆಚ್ಚಿಲ್ಲ. ಈ ಸಣ್ಣ ಎಳೆಯನ್ನೇ ಹಿಡಿದು ಇಡೀ ಒಂದು ಕಾದಂಬರಿಯನ್ನು ಕನ್ನಡದಲ್ಲಿ ಬರೆದವರು ಮುಳಬಾಗಿಲು ತಾಲ್ಲೂಕಿನ ದೇವರಾಯಸಮುದ್ರದಲ್ಲಿ ಹುಟ್ಟಿದ ಕೆ.ವಿ. ಅಯ್ಯರ್. ಕಾದಂಬರಿಯ ಹೆಸರು 'ರೂಪದರ್ಶಿ'. ಅವರು ಕ್ರೈಸ್ತರಲ್ಲ. ಆದರೂ ಯೇಸು ಮತ್ತು ಯೂದ ಎಂಬ ಎರಡು ರೂಪಗಳ ನಡುವೆ ಒಬ್ಬ ಮನುಷ್ಯನ ಬಾಳನ್ನು ನಿಲ್ಲಿಸಿ ನೋಡಿದ ಕನ್ನಡ ಲೇಖಕರಲ್ಲಿ ಅವರಷ್ಟು ಓದುಗರನ್ನು ಪಡೆದವರು ಇನ್ನೊಬ್ಬರಿಲ್ಲವೆಂದೇ ನಮ್ಮ ಎಣಿಕೆ.

ಕೋಲಾರದಿಂದ ಮುಳಬಾಗಿಲಿಗೆ ಹೋಗುವ ಹೆದ್ದಾರಿಯಲ್ಲಿ ಬಸ್ಸಿನ ಕಿಟಕಿಯಿಂದ ಆ ಬಂಡೆಗಲ್ಲಿನ ಬೆಟ್ಟಗಳನ್ನು ನೀವು ನೋಡಿರುತ್ತೀರಿ. ಮಳೆ ಕಡಿಮೆಯಾದ ಈ ಸೀಮೆ ಸಾಹಿತಿಗಳ ವಿಷಯದಲ್ಲಿ ಎಂದೂ ಬರಡಲ್ಲ. ಮುಳಬಾಗಿಲಿನಲ್ಲಿ ಡಿ.ವಿ. ಗುಂಡಪ್ಪನವರು 1887ರಲ್ಲಿ, ಮಾಲೂರು ತಾಲ್ಲೂಕಿನಲ್ಲಿ ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರು 1891ರಲ್ಲಿ ಹುಟ್ಟಿದರು. ಅದೇ ಶತಮಾನದ ಕೊನೆಯ ವರ್ಷಗಳಲ್ಲಿ ಹುಟ್ಟಿದವರು ಕೊಲತ್ತೂರು ವೆಂಕಟೇಶ ಅಯ್ಯರ್. ಮೊದಲ ಇಬ್ಬರ ಹೆಸರು ಶಾಲೆಯ ಮಕ್ಕಳಿಗೂ ಗೊತ್ತು. ಮೂರನೆಯವರ ಹೆಸರು ಹೇಳಿದರೆ ಊರಿನ ಹಿರಿಯರು ಕೂಡ ಮೊದಲು ನೆನೆಯುವುದು ಪುಸ್ತಕಗಳನ್ನಲ್ಲ, ತೋಳಿನ ಬಲವನ್ನು!

ಏಕೆಂದರೆ ಅಯ್ಯರ್ ಅವರು ಮೊದಲಿಗೆ ಅಂಗಸಾಧಕರು. ಬೆಂಗಳೂರಿಗೆ ಬಂದು ಹಳೆಯ ಟಿಪ್ಪು ಅರಮನೆಯ ಆವರಣದಲ್ಲಿ 1922ರ ಹೊತ್ತಿಗೆ ವ್ಯಾಯಾಮ ಕಲಿಸಲು ತೊಡಗಿದರು. ಪಶ್ಚಿಮ ದೇಶಗಳ ಭಾರ ಎತ್ತುವ ವಿದ್ಯೆಯನ್ನೂ ನಮ್ಮ ಸೂರ್ಯನಮಸ್ಕಾರ, ಯೋಗಾಸನಗಳನ್ನೂ ಒಂದೇ ಅಂಗಳದಲ್ಲಿ ಕಲಿಸಿದ್ದು ಅವರ ವಿಶೇಷ. 1930ರಲ್ಲಿ 'ಮಸಲ್ ಕಲ್ಟ್', 1937ರಲ್ಲಿ 'ಸೂರ್ಯನಮಸ್ಕಾರ್' ಎಂಬ ಇಂಗ್ಲಿಷ್ ಪುಸ್ತಕಗಳನ್ನು ಬರೆದರು. ಅಂಚೆಯ ಮೂಲಕವೂ ಪಾಠ ಕಳುಹಿಸಿ ದೂರದೂರಿನವರಿಗೆ ವ್ಯಾಯಾಮ ಕಲಿಸಿದರು. ಆಸನಗಳನ್ನು ಛಾಯಾಚಿತ್ರಗಳ ಸಮೇತ ಪುಸ್ತಕವಾಗಿ ತಂದ ಮೊದಲಿಗರಲ್ಲಿ ಒಬ್ಬರಾದ ಯೋಗಾಚಾರ್ಯ ಸುಂದರಂ ಅವರ ಒಡನಾಡಿ. ಪಾರ್ಶ್ವವಾಯುವಿನಿಂದ ಬಳಲಿದ್ದ ಮೈಸೂರಿನ ಮಹಾರಾಜ ನಾಲ್ವಡಿ ಕೃಷ್ಣರಾಜ ಒಡೆಯರ್ ಅವರಿಗೆ ಅಯ್ಯರ್ ಅವರ ಆರೈಕೆಯಿಂದ ಗುಣ ಕಂಡಿತು. ಮಹಾರಾಜರ ನೆರವಿನಿಂದ 1940ರಲ್ಲಿ ಈಗಿನ ಜೆ.ಸಿ. ರಸ್ತೆಯಲ್ಲಿ ಅವರ ವ್ಯಾಯಾಮಶಾಲೆ ನೆಲೆಗೊಂಡಿತು.

ಆ ಕಾಲದ ಅಯ್ಯರ್ ಅವರ ಛಾಯಾಚಿತ್ರಗಳನ್ನು ನೋಡಿದವರಿಗೆ ಒಂದು ಸಂಗತಿ ಹೊಳೆಯದೆ ಇರದು. ಅವುಗಳಲ್ಲಿ ಅವರು ಗ್ರೀಕ್ ಶಿಲ್ಪಗಳ ಹಾಗೆ ನಿಂತಿದ್ದಾರೆ. ಒಂದು ಭುಜ ಮುಂದೆ, ಒಂದು ಕಾಲು ಹಿಂದೆ, ಮೈಯ ಒಂದೊಂದು ಸ್ನಾಯುವೂ ಬೆಳಕಿಗೆ ಒಡ್ಡಿಕೊಂಡಂತೆ. ಚಿತ್ರಕಾರನ ಎದುರಿಗೆ ಅಲುಗಾಡದೆ ಕೂರುವವನನ್ನು ರೂಪದರ್ಶಿ ಎನ್ನುತ್ತೇವೆ. ಕಾದಂಬರಿ ಬರೆಯುವ ಎಷ್ಟೋ ಮೊದಲೇ ಅಯ್ಯರ್ ಅವರು ಕ್ಯಾಮೆರಾದ ಎದುರಿಗೆ ತಾವೇ ರೂಪದರ್ಶಿಯಾಗಿದ್ದರು.

ಅವರನ್ನು ಸಾಹಿತ್ಯದ ಕಡೆಗೆ ಎಳೆದವರಲ್ಲಿ ಮುಖ್ಯರು ನಾಟಕಕಾರ ಟಿ.ಪಿ. ಕೈಲಾಸಂ. ಲಂಡನ್ನಿನಲ್ಲಿ ಭೂವಿಜ್ಞಾನ ಓದಿ ಬಂದು ಸರ್ಕಾರಿ ಕೆಲಸಕ್ಕೆ ಸೇರಿ, ಅದನ್ನು ಬಿಟ್ಟು ನಾಟಕಕ್ಕೆ ಮೈಮರೆತ ಮನುಷ್ಯ. ಕೈಯಲ್ಲಿ ಬರೆಯುವುದಕ್ಕಿಂತ ಬಾಯಲ್ಲಿ ಹೇಳುವುದೇ ಅವರಿಗೆ ಇಷ್ಟ. ಎಷ್ಟೋ ನಾಟಕಗಳನ್ನು ಬೇರೆಯವರು ಕೇಳಿ ಬರೆದುಕೊಂಡದ್ದು. ವ್ಯಾಯಾಮಶಾಲೆಯ ಅಂಗಳದಲ್ಲಿ ಅವರ ಮಾತು ಕೇಳುತ್ತ ಕುಳಿತವರಲ್ಲಿ ಅಯ್ಯರ್ ಮೊದಲಿಗರು. 1946ರಲ್ಲಿ ಕೈಲಾಸಂ ತೀರಿಕೊಂಡ ಮೇಲೆ ಅವರ ನೆನಪುಗಳನ್ನು 'ಕೈಲಾಸಂ ಸ್ಮರಣೆ' ಎಂಬ ಪುಸ್ತಕವಾಗಿ ಬರೆದರು. ಅಂಗಸಾಧನೆಯ ಶಿಷ್ಯರನ್ನೇ ಕಟ್ಟಿಕೊಂಡು 'ರವಿ ಕಲಾವಿದರು' ಎಂಬ ನಾಟಕ ತಂಡವನ್ನೂ ನಡೆಸಿದರು. ಗರಡಿಯಲ್ಲಿ ನಾಟಕ ಹುಟ್ಟಿದ್ದು ಬೇರೆಲ್ಲಾದರೂ ಉಂಟೋ ಇಲ್ಲವೋ!

ಅವರ ಕಾದಂಬರಿಗಳಲ್ಲಿ 'ಶಾಂತಲಾ' ಮತ್ತು 'ರೂಪದರ್ಶಿ' ಹೆಚ್ಚು ಜನಪ್ರಿಯ. 'ಲೀನಾ' ಎಂಬುದೂ ಇದೆ. 'ಶಾಂತಲಾ' ಹೊಯ್ಸಳ ವಿಷ್ಣುವರ್ಧನನ ರಾಣಿಯ ಕಥೆ. ಈ ಕಾದಂಬರಿಯ ಅಡಿಯಲ್ಲಿ ಗಟ್ಟಿಯಾದ ಕಲ್ಲಿನ ಸಾಕ್ಷಿಯಿದೆ: ಆಕೆ ಶ್ರವಣಬೆಳಗೊಳದಲ್ಲಿ ಸವತಿಗಂಧವಾರಣ ಬಸದಿಯನ್ನು ಕಟ್ಟಿಸಿದ್ದು, 1131ರಲ್ಲಿ ಶಿವಗಂಗೆಯಲ್ಲಿ ಪ್ರಾಣಬಿಟ್ಟದ್ದು ಶಾಸನಗಳಿಂದ ತಿಳಿಯುತ್ತದೆ. ಶಾಸನ ಎರಡು ಸಾಲಿನಲ್ಲಿ ಹೇಳಿ ಸುಮ್ಮನಾದ ಕಡೆ ಕಾದಂಬರಿಕಾರ ಆಕೆಯ ಮನಸ್ಸಿನೊಳಕ್ಕೆ ಇಳಿದಿದ್ದಾರೆ.

'ರೂಪದರ್ಶಿ'ಯ ಮಾತು ಬೇರೆ. ಅದರ ಅಡಿಯಲ್ಲಿ ಕಲ್ಲಿಲ್ಲ, ಶಾಸನವಿಲ್ಲ. ಅಲ್ಲಿರುವುದು ಬಾಯಿಂದ ಬಾಯಿಗೆ ಹರಿದು ಬಂದ ಒಂದು ಕಥೆ ಮಾತ್ರ. ಅಯ್ಯರ್ ಅವರು ಅದನ್ನು ಫ್ಲಾರೆನ್ಸ್ ನಗರದಲ್ಲಿ ಇಟ್ಟು, ಚಿತ್ರಕಾರನ ಸ್ಥಾನದಲ್ಲಿ ಮೈಕೆಲೇಂಜೆಲೊನನ್ನು ನಿಲ್ಲಿಸಿದರು. ಎಳೆಯ ಯೇಸುವಿನ ರೂಪಕ್ಕೆ ಒಬ್ಬ ಮುಗ್ಧ ಬಾಲಕ; ವರ್ಷಗಳ ಬಳಿಕ ಯೂದನ ರೂಪಕ್ಕೆ ಸಿಕ್ಕ ಕ್ರೂರಿಯೂ ಅವನೇ. ಹೆಸರಾಂತ ಕಲಾವಿದ, ನಿಜವಾದ ನಗರ, ಆದರೆ ನಡೆದದ್ದೆಲ್ಲ ಕಲ್ಪನೆ.

ನಾವು ಇದನ್ನು ಇಷ್ಟು ಒತ್ತಿ ಹೇಳಲು ಕಾರಣವಿದೆ. ಪೂಜಾಪೀಠದ ಬಳಿ ನಿಂತು ಹೇಳುವ ಮಾತಿಗೆ ಒಂದು ತೂಕವಿರುತ್ತದೆ. ಶುಭಸಂದೇಶ ಓದಿ ಮುಗಿಸಿದ ಕ್ಷಣದಲ್ಲಿ, ಅದೇ ಸ್ವರದಲ್ಲಿ, ಚಿತ್ರಕಾರನ ಕಥೆಯನ್ನೂ ನಡೆದ ಸಂಗತಿಯೆಂದು ಹೇಳಿದರೆ ಕೇಳುವ ಹದಿನಾರು ವರ್ಷದ ಹುಡುಗ ಎರಡನ್ನೂ ಒಂದೇ ಚೀಲದಲ್ಲಿ ಕಟ್ಟಿಕೊಂಡು ಹೋಗುತ್ತಾನೆ. ನಾಳೆ ಕಾಲೇಜಿನಲ್ಲಿ ಯಾರೋ ಚಿತ್ರಕಾರನ ಕಥೆ ಸುಳ್ಳೆಂದು ತೋರಿಸಿಕೊಟ್ಟರೆ, ಆ ಚೀಲದಿಂದ ಅವನು ಒಂದನ್ನೇ ತೆಗೆದು ಎಸೆಯುತ್ತಾನೆಂದು ನಂಬುವುದು ಹೇಗೆ?

ಸುಳ್ಳೆಂದು ತೋರಿಸುವುದು ಕಷ್ಟವೂ ಅಲ್ಲ. ಈ ಕಥೆಯನ್ನು ಬಹಳ ಮಂದಿ ಲಿಯೊನಾರ್ಡೊ ದ ವಿಂಚಿಯ ಹೆಸರಿನಲ್ಲಿ ಹೇಳುತ್ತಾರೆ. ಬ್ರೆಜಿಲ್ಲಿನ ಕಾದಂಬರಿಕಾರ ಪಾವ್ಲೊ ಕೊಯೆಲೊ ಕೂಡ 2000ದಲ್ಲಿ ಪ್ರಕಟವಾದ ಒಂದು ಕಾದಂಬರಿಯಲ್ಲಿ ಹಾಗೆಯೇ ಹೇಳಿಸಿದ್ದಾರೆ. ಲಿಯೊನಾರ್ಡೊ ಮಿಲಾನ್ ನಗರದ ಡೊಮಿನಿಕನ್ ಮಠದ ಭೋಜನಶಾಲೆಯ ಗೋಡೆಯ ಮೇಲೆ ಆ ಚಿತ್ರವನ್ನು ಬರೆದದ್ದು ಸುಮಾರು 1495ರಿಂದ 1498ರವರೆಗೆ. ಮೂರು ವರ್ಷದ ಕೆಲಸ. ಅಷ್ಟರಲ್ಲಿ ಒಬ್ಬ ಮುಗ್ಧ ಹುಡುಗ ಬೆಳೆದು, ಕೆಟ್ಟು, ಗುರುತು ಸಿಗದ ಮುದಿ ಕ್ರೂರಿಯಾಗಲು ಕಾಲವೆಲ್ಲಿದೆ? ಮೇಲಾಗಿ ಲಿಯೊನಾರ್ಡೊನ ಟಿಪ್ಪಣಿ ಪುಸ್ತಕ ಉಳಿದುಬಂದಿದೆ. ಕ್ರಿಸ್ತನ ರೂಪಕ್ಕೆಂದು ಜೊವಾನ್ ಕೊಂತೆ ಎಂಬುವನ ಹೆಸರನ್ನು ಅವನು ಬರೆದಿಟ್ಟುಕೊಂಡಿದ್ದಾನೆ. ಕ್ರಿಸ್ತನ ಕೈಗೆ ಪಾರ್ಮಾದ ಬೇರೊಬ್ಬನ ಹೆಸರಿದೆ. ಅಂದರೆ ಮುಖ ಒಬ್ಬನದು, ಕೈ ಇನ್ನೊಬ್ಬನದು!

ಯೂದನ ಮುಖದ ಬಗ್ಗೆಯೂ ಹಳೆಯ ಕಥೆಯೊಂದಿದೆ, ಆದರೆ ಅದು ನಗೆ ತರಿಸುವಂಥದ್ದು. 1550ರಲ್ಲಿ ಕಲಾವಿದರ ಚರಿತ್ರೆ ಬರೆದ ವಸಾರಿ ಹೇಳುವಂತೆ, ಚಿತ್ರ ಬೇಗ ಮುಗಿಯಲಿಲ್ಲವೆಂದು ಮಠದ ಮುಖ್ಯಸ್ಥರು ರಾಜನಿಗೆ ದೂರಿದರಂತೆ. ಯೂದನಿಗೆ ತಕ್ಕ ಮುಖ ಸಿಗುತ್ತಿಲ್ಲ, ಸಿಗದಿದ್ದರೆ ಈ ಮುಖ್ಯಸ್ಥರ ಮುಖವನ್ನೇ ಬಳಸಿಕೊಳ್ಳುತ್ತೇನೆ ಎಂದು ಲಿಯೊನಾರ್ಡೊ ಉತ್ತರಿಸಿದನಂತೆ. ವಸಾರಿ ಹುಟ್ಟಿದ್ದೇ 1511ರಲ್ಲಿ. ಆದ್ದರಿಂದ ಇದನ್ನೂ ಅಂತೆಕಂತೆಯ ಸಾಲಿಗೇ ಸೇರಿಸಬೇಕು. ಕಣ್ಣಾರೆ ಕಂಡು ಬರೆದವರು ಮತ್ತೇಯೊ ಬಂದೆಲ್ಲೊ ಎಂಬುವರು. ಹುಡುಗನಾಗಿದ್ದಾಗ ಅವರು ಅದೇ ಮಠದಲ್ಲಿದ್ದರು. ಕೆಲವು ದಿನ ಲಿಯೊನಾರ್ಡೊ ಸೂರ್ಯೋದಯದಿಂದ ಕತ್ತಲಾಗುವವರೆಗೆ ಊಟ ನೀರು ಮರೆತು ಬರೆಯುತ್ತಿದ್ದ, ಕೆಲವು ದಿನ ಕೈಕಟ್ಟಿ ಸುಮ್ಮನೆ ನೋಡುತ್ತ ನಿಂತಿರುತ್ತಿದ್ದ ಎಂದು ಅವರು ದಾಖಲಿಸಿದ್ದಾರೆ. ಯೇಸುವೇ ಯೂದನಾದ ಹುಡುಗನ ಸುದ್ದಿ ಅವರಲ್ಲಿ ಇಲ್ಲ. ಇದ್ದಿದ್ದರೆ ಅವರು ಬಿಡುತ್ತಿರಲಿಲ್ಲ, ಏಕೆಂದರೆ ಅವರೂ ಕಥೆಗಾರರು. ರೋಮಿಯೊ ಜೂಲಿಯೆಟರ ಕಥೆ ಷೇಕ್ಸ್‌ಪಿಯರನಿಗೆ ತಲುಪಿದ ದಾರಿಯಲ್ಲಿ ಬಂದೆಲ್ಲೊ ಒಂದು ಮುಖ್ಯ ನಿಲ್ದಾಣ. 1550ರಲ್ಲಿ ಫ್ರಾನ್ಸಿನ ಆಝಾನ್ ಧರ್ಮಪ್ರಾಂತ್ಯದ ಧರ್ಮಾಧ್ಯಕ್ಷರೂ ಆದರು.

ಮೈಕೆಲೇಂಜೆಲೊ (1475–1564) ವಿಷಯದಲ್ಲಂತೂ ಕಥೆಗೆ ಆಧಾರವೇ ಇಲ್ಲ. ಅವನು ಪಿಯೆತಾ, ದಾವೀದ ಮುಂತಾದ ಶಿಲ್ಪಗಳನ್ನು ಕಡೆದ; ಸಿಸ್ಟೈನ್ ಪ್ರಾರ್ಥನಾಲಯದ ಛಾವಣಿಯನ್ನು 1508ರಿಂದ 1512ರವರೆಗೆ ಚಿತ್ರಿಸಿದ; 1541ರಲ್ಲಿ ಅದೇ ಪ್ರಾರ್ಥನಾಲಯದ ಗೋಡೆಯ ಮೇಲೆ ಕಡೆಯ ತೀರ್ಪಿನ ಚಿತ್ರವನ್ನು ಮುಗಿಸಿದ. ಪ್ರಭುವಿನ ಕಡೆಯ ಭೋಜನದ ಚಿತ್ರವನ್ನು ಅವನು ಬರೆದದ್ದಿಲ್ಲ.

ಹಾಗಾದರೆ ಅಯ್ಯರ್ ಅವರು ಅವನನ್ನೇ ಏಕೆ ಆರಿಸಿಕೊಂಡರು? ಇದು ನಮ್ಮ ಊಹೆ: ಅಂಗಸಾಧಕನ ಕಣ್ಣು ಅಂಗಸಾಧಕನ ಕಣ್ಣನ್ನು ಗುರುತಿಸಿತು. ಮನುಷ್ಯನ ಮೈಯನ್ನು ಮೈಕೆಲೇಂಜೆಲೊನಷ್ಟು ಆಳವಾಗಿ ಬಲ್ಲ ಕಲಾವಿದರು ಕಡಿಮೆ. ಇನ್ನೂ ಹದಿನೇಳು ಹದಿನೆಂಟರ ಹರೆಯದಲ್ಲಿ ಫ್ಲಾರೆನ್ಸಿನ ಪವಿತ್ರಾತ್ಮರ ಮಠದಲ್ಲಿ, ಮುಖ್ಯಸ್ಥರ ಅನುಮತಿ ಪಡೆದು, ಶವಗಳನ್ನು ಕೊಯ್ದು ಸ್ನಾಯುಗಳನ್ನು ಅಭ್ಯಾಸ ಮಾಡಿದವನು ಅವನು. ಆ ಉಪಕಾರಕ್ಕಾಗಿ ಅವರಿಗೆ ಮರದಲ್ಲಿ ಒಂದು ಶಿಲುಬೆಯ ಪ್ರತಿಮೆಯನ್ನು ಕೆತ್ತಿಕೊಟ್ಟ. ದೇವರಾಯಸಮುದ್ರದ ಅಂಗಸಾಧಕನಿಗೆ ಇಂಥವನು ಹತ್ತಿರದ ಬಂಧುವಿನಂತೆ ಕಂಡಿದ್ದರೆ ಆಶ್ಚರ್ಯವಿಲ್ಲ.

ಕಲ್ಪನೆಯೆಂದ ಮಾತ್ರಕ್ಕೆ ಅದು ಸುಳ್ಳೇ ಎಂದು ನೀವು ಕೇಳಬಹುದು. ಸುಳ್ಳುಗಾರ ತಾನು ಹೇಳುವುದು ನಡೆದದ್ದೆಂದು ನಂಬಿಸಲು ಹೊರಟವನು. ಕಾದಂಬರಿಕಾರ ಮುಖಪುಟದಲ್ಲೇ ಕಾದಂಬರಿ ಎಂದು ಬರೆದು ನಮ್ಮ ಕೈಗೆ ಕೊಡುತ್ತಾನೆ. ಇಂಗ್ಲೆಂಡಿನ ಜೆ.ಆರ್.ಆರ್. ಟೋಲ್ಕೀನ್ (1892–1973) ಹೆಚ್ಚುಕಡಿಮೆ ಅಯ್ಯರ್ ಅವರ ಸಮಕಾಲೀನರು. 'ಲಾರ್ಡ್ ಆಫ್ ದಿ ರಿಂಗ್ಸ್' ಬರೆದವರು. ಚಿಕ್ಕಂದಿನಲ್ಲೇ ತಂದೆ ತಾಯಿಯನ್ನು ಕಳೆದುಕೊಂಡು ಫಾದರ್ ಫ್ರಾನ್ಸಿಸ್ ಮಾರ್ಗನ್ ಎಂಬ ಗುರುಗಳ ಪೋಷಣೆಯಲ್ಲಿ ಬೆಳೆದ ಶ್ರದ್ಧಾವಂತ ಕಥೋಲಿಕರು. ಕುಬ್ಜರು, ಮಾಯದ ಉಂಗುರ, ಮಾತಾಡುವ ಮರಗಳನ್ನು ಕಟ್ಟಿದ ಅವರು 1939ರಲ್ಲಿ ಸ್ಕಾಟ್ಲೆಂಡಿನಲ್ಲಿ ಮಾಡಿದ ಒಂದು ಉಪನ್ಯಾಸದಲ್ಲಿ ಈ ಪ್ರಶ್ನೆಯನ್ನೇ ಎತ್ತಿಕೊಂಡರು. ಸೃಷ್ಟಿಕರ್ತನ ರೂಪದಲ್ಲಿ ಸೃಷ್ಟಿಯಾದವನು ಮನುಷ್ಯ, ಆದ್ದರಿಂದಲೇ ಅವನೂ ಕಲ್ಪಿಸಿ ಕಟ್ಟುತ್ತಾನೆ ಎಂಬುದು ಅವರ ವಾದದ ತಿರುಳು. ನಮ್ಮ ಪ್ರಭುವೂ ಸಾಮತಿಗಳಲ್ಲಿ ಕಲಿಸಿದರಲ್ಲವೇ? ದುಂದುಗಾರ ಮಗನ ಊರು ಯಾವುದೆಂದು ಯಾರೂ ಹುಡುಕಿಕೊಂಡು ಹೋಗಲಿಲ್ಲ.

ಪ್ರಬೋಧನೆಯಲ್ಲಿ ಬರುವ ಚಿತ್ರಕಾರನ ಕಥೆಗೂ ಅಯ್ಯರ್ ಅವರ ಕಾದಂಬರಿಗೂ ಇನ್ನೊಂದು ವ್ಯತ್ಯಾಸವನ್ನು ನಾವು ಕಾಣುತ್ತೇವೆ. ಪ್ರಬೋಧನೆಯಲ್ಲಿ ಆ ಮನುಷ್ಯನಿಗೆ ಸಿಗುವುದು ಎರಡು ನಿಮಿಷ. ಅವನು ಕುಡುಕರಿಗೆ, ಜೂಜುಕೋರರಿಗೆ ಒಂದು ಎಚ್ಚರಿಕೆಯ ಫಲಕವಾಗಿ ನಿಂತು ಮಾಯವಾಗುತ್ತಾನೆ. ಅವನಿಗೆ ತಾಯಿಯಿದ್ದಳೇ, ಯಾರು ಕೈಬಿಟ್ಟರು, ಮೊದಲ ಬಾರಿ ಕದ್ದಾಗ ಹಸಿದಿದ್ದನೇ ಎಂದು ನಾವು ಕೇಳುವುದಿಲ್ಲ. ಕಾದಂಬರಿಕಾರ ಅವನಿಗೆ ಪುಟಗಟ್ಟಲೆ ಕಾಲ ಕೊಟ್ಟಿದ್ದಾರೆ. ಓದುಗ ಅವನ ಜೊತೆ ನಡೆದು ಬಂದಿರುತ್ತಾನೆ; ಆದ್ದರಿಂದ ಕೊನೆಯಲ್ಲಿ ಅವನು ಅಳುವಾಗ ಬೆರಳು ತೋರಿಸಲು ಓದುಗನಿಗೆ ಕೈ ಏಳುವುದಿಲ್ಲ.

ಇನ್ನು ಮುಖದ ವಿಚಾರ. ಪಾಪ ಮುಖದಲ್ಲಿ ಎದ್ದು ಕಾಣುತ್ತದೆ ಎಂಬುದು ಈ ಕಥೆಯ ಒಳಗಿರುವ ನಂಬಿಕೆ. ಶುಭಸಂದೇಶಕಾರರು ಹಾಗೆ ಹೇಳುವುದಿಲ್ಲ. ಯೂದ ಕಪ್ಪಗಿದ್ದನೋ ಕೆಂಪಗಿದ್ದನೋ ಎಂದು ನಾಲ್ವರಲ್ಲಿ ಯಾರೂ ಬರೆದಿಲ್ಲ. ನಿಮ್ಮಲ್ಲೊಬ್ಬನು ನನಗೆ ದ್ರೋಹ ಬಗೆಯುವನೆಂದು ಪ್ರಭು ತಿಳಿಸಿದಾಗ ಶಿಷ್ಯರು ಯೂದನ ಕಡೆ ತಿರುಗಿ ನೋಡಲಿಲ್ಲ. ಒಬ್ಬೊಬ್ಬರೂ ಅದು ತಾನೇನೋ ಎಂದು ಕೇಳಿದರೆಂದು ಸಂತ ಮತ್ತಾಯ ಬರೆಯುತ್ತಾರೆ. ಮೂರು ವರ್ಷ ಜೊತೆಗೆ ಉಂಡವರಿಗೂ ಅವನ ಮುಖದಿಂದ ಏನೂ ತಿಳಿದಿರಲಿಲ್ಲ.

ಲಿಯೊನಾರ್ಡೊಗೆ ಮುಂಚಿನ ಫ್ಲಾರೆನ್ಸಿನ ಚಿತ್ರಕಾರರು, ಉದಾಹರಣೆಗೆ ಕಸ್ತಾಞೊ ಮತ್ತು ಗಿರ್ಲಂದಾಯೊ, ಯೂದನನ್ನು ಮೇಜಿನ ಈಚೆ ಬದಿಗೆ ಒಬ್ಬಂಟಿಯಾಗಿ ಕೂರಿಸುತ್ತಿದ್ದರು. ಕಳ್ಳನನ್ನು ಬೇರೆ ಕೂರಿಸಿದ ಹಾಗೆ. ಲಿಯೊನಾರ್ಡೊ ಅವನನ್ನು ಎಬ್ಬಿಸಿ ಉಳಿದವರ ಸಾಲಿಗೇ ಸೇರಿಸಿದ. ನಿಮ್ಮ ಮನೆಯ ಚಿತ್ರ ಆ ಮೂಲದ ಪ್ರತಿಯಾಗಿದ್ದರೆ ಎಡಗಡೆಯಿಂದ ಎಣಿಸಿ ನೋಡಿ: ನಾಲ್ಕನೆಯವನು, ಕೈಯಲ್ಲಿ ಹಣದ ಚೀಲ ಹಿಡಿದವನು. ಅವನ ಪಕ್ಕದಲ್ಲೇ ಸಂತ ಪೇತ್ರರು. ಅಂದು ರಾತ್ರಿಯೇ ಪ್ರಭುವನ್ನು ಅರಿಯೆನೆಂದವರು ಅವರು. ಮುಂಜಾನೆ ಕೋಳಿ ಕೂಗಿದಾಗ ಬಿಕ್ಕಿಬಿಕ್ಕಿ ಅತ್ತವರು. ಯೂದನೂ ಮರುಗಿದನೆಂದು, ಮೂವತ್ತು ಬೆಳ್ಳಿ ನಾಣ್ಯಗಳನ್ನು ಹಿಂದಕ್ಕೆ ಕೊಡಲು ಹೋದನೆಂದು ಅದೇ ಮತ್ತಾಯರ ಶುಭಸಂದೇಶದಲ್ಲಿದೆ. ಅಕ್ಕಪಕ್ಕ ಕುಳಿತ ಆ ಇಬ್ಬರನ್ನು ನಾವು ಒಟ್ಟಿಗೆ ನೋಡುವುದು ಕಡಿಮೆ.

ಜಗದ್ಗುರು ಹದಿನಾರನೇ ಬೆನೆಡಿಕ್ಟರು 2006ರ ಅಕ್ಟೋಬರ್ 18ರಂದು ಭಕ್ತಾದಿಗಳಿಗೆ ಯೂದನ ಬಗ್ಗೆ ಬೋಧಿಸುತ್ತ, ಅವನ ಕೊನೆಯ ಕೃತ್ಯವನ್ನು ತೀರ್ಪು ಮಾಡುವುದು ನಮ್ಮ ಕೆಲಸವಲ್ಲ, ಅಪಾರ ಕರುಣೆಯೂ ನ್ಯಾಯವೂ ಉಳ್ಳ ದೇವರ ಸ್ಥಾನದಲ್ಲಿ ನಾವು ಕೂರಬಾರದು ಎಂಬ ಅರ್ಥದ ಮಾತನ್ನು ಹೇಳಿದರು. ಫ್ರಾನ್ಸಿನ ವೆಜ್ಲೇ ಎಂಬ ಊರಿನ ದೇವಾಲಯದಲ್ಲಿ 12ನೆಯ ಶತಮಾನದ ಒಂದು ಕಂಬವಿದೆ. ಅದರ ತಲೆಯ ಒಂದು ಪಕ್ಕದಲ್ಲಿ ನೇಣು ಹಾಕಿಕೊಂಡ ಯೂದನ ಕೆತ್ತನೆ. ಇನ್ನೊಂದು ಪಕ್ಕದಲ್ಲಿ ಆ ಹೆಣವನ್ನು ಹೆಗಲ ಮೇಲೆ ಹೊತ್ತು ನಡೆಯುವ ಒಬ್ಬ ಮನುಷ್ಯ. 2025ರಲ್ಲಿ ದೈವಾಧೀನರಾದ ಜಗದ್ಗುರು ಫ್ರಾನ್ಸಿಸರು ಆ ಹೊತ್ತವನಲ್ಲಿ ಒಳ್ಳೆಯ ಕುರುಬನನ್ನು ಕಂಡು ಹಲವು ಬಾರಿ ಅದರ ಬಗ್ಗೆ ಮಾತನಾಡಿದ್ದರು. ಕೆತ್ತಿದ ಶಿಲ್ಪಿಯೂ ಕಲ್ಪನೆಯ ಮನುಷ್ಯನೇ. ಆ ದೃಶ್ಯ ಯಾವ ಶುಭಸಂದೇಶದಲ್ಲೂ ಇಲ್ಲ.

ಕೆ.ವಿ. ಅಯ್ಯರ್ ಅವರು 1980ರಲ್ಲಿ ತೀರಿಕೊಂಡರು. 'ರೂಪದರ್ಶಿ' ಅವರ ಬಳಿಕವೂ ಮರುಮುದ್ರಣ ಕಂಡಿದೆ. ಸಾರ್ವಜನಿಕ ಗ್ರಂಥಾಲಯದಲ್ಲಿ ಹುಡುಕಿದರೆ ಹಳೆಯ ಪ್ರತಿಯಾದರೂ ಸಿಕ್ಕೀತು. ಭಾಷೆ ಸ್ವಲ್ಪ ಹಳೆಯದು, ಭಾವುಕತೆಯೂ ಅಲ್ಲಲ್ಲಿ ಹೆಚ್ಚೇ. ತಪಸ್ಸುಕಾಲದ ಸಂಜೆಗಳಲ್ಲಿ ಜಪಮಾಲೆ ಮುಗಿದ ಮೇಲೆ ಮನೆಯ ಹಿರಿಯರು ದಿನಕ್ಕೆ ಹತ್ತು ಪುಟದಂತೆ ಮಕ್ಕಳಿಗೆ ಓದಿ ಹೇಳಬಹುದು. ಮೈಕೆಲೇಂಜೆಲೊ ಅಂಥ ಚಿತ್ರ ಬರೆದದ್ದಿಲ್ಲ, ಇದು ನಮ್ಮ ಮುಳಬಾಗಿಲು ಕಡೆಯವರೊಬ್ಬರು ಕಲ್ಪಿಸಿದ ಕಥೆ ಎಂದು ಮೊದಲೇ ಹೇಳಿಬಿಡಿ. ಮಕ್ಕಳಿಗೆ ಅದರಿಂದ ಬೇಸರವೇನೂ ಆಗುವುದಿಲ್ಲ; ಆ ಹುಡುಗ ಮುಂದೇನಾದ ಎಂದೇ ಅವರು ಕೇಳುತ್ತಾರೆ.